ನಾಯಿಯಿಲ್ಲದೆ ಬಂದ ಅತಿಥಿ

ಸ್ವರ್ಣಲತಾ ಸಿಡ್ನಿ ವಿಮಾನ ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷ ಬೇರೆಯವರ ಬ್ಯಾಗುಗಳ ಒಳಗನ್ನು ನೋಡುತ್ತ ಕೂತವಳು. ಎಕ್ಸ್‌ರೇ ಪರದೆಯ ಮೇಲೆ ಕಿತ್ತಳೆ, ಹಸಿರು, ನೀಲಿ ನೆರಳುಗಳಾಗಿ ಸರಿಯುವ ಸಾಮಾನುಗಳಲ್ಲಿ ಯಾವುದು ಇರಬಹುದು, ಯಾವುದು ಇರಬಾರದು ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳುವುದು ಅವಳ ಕೆಲಸವಾಗಿತ್ತು. ಒಮ್ಮೆ ಕನ್ನಡ ಸಂಘದ ಪರಿಚಯದ ಹೆಂಗಸೊಬ್ಬಳ ಕೈಚೀಲದಿಂದ ಮನೆಯಲ್ಲೇ ಕಾಸಿದ ತುಪ್ಪದ ಬಾಟಲಿ ತೆಗೆಸಿ ಕಸದ ಡಬ್ಬಿಗೆ ಹಾಕಿಸಿದ್ದಳು. ಆ ಹೆಂಗಸು ಇವತ್ತಿಗೂ ಹ್ಯಾರಿಸ್ ಪಾರ್ಕಿನ ಅಂಗಡಿಯಲ್ಲಿ ಎದುರಾದರೆ ಬೇಳೆಯ ಚೀಲಗಳ ಕಡೆ ಮುಖ ತಿರುಗಿಸಿಕೊಳ್ಳುತ್ತಾಳೆ. ಸ್ವರ್ಣಲತಾಗೆ ಅದರಿಂದ ಏನೂ ಅನ್ನಿಸಿಲ್ಲ. ದ್ರವಪದಾರ್ಥ ನೂರು ಮಿಲಿ ದಾಟಬಾರದು, ದಾಟಿತ್ತು, ತೆಗೆಸಿದಳು.

ಕಾರ್ಕಳದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಹೀಗಿರಲಿಲ್ಲ ಎಂದು ಗಂಡ ದೂಮಪ್ಪ ಹೇಳುತ್ತಾನೆ. ಬಂದ ಎರಡನೇ ತಿಂಗಳಲ್ಲಿ ಒಬ್ಬ ಸಭ್ಯ ಮನುಷ್ಯ ಬ್ಲ್ಯಾಕ್‌ಟೌನಿನಲ್ಲಿ ಅವರಿಗೆ ಬಾಡಿಗೆಗೆ ಒಂದು ಮನೆ ತೋರಿಸಿದ. ಟೀ ಕುಡಿಸಿದ, ಮುಂಗಡ ತೆಗೆದುಕೊಂಡ, ಕೀ ಕೊಟ್ಟ. ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋದ ದಿನ ಕೀ ಬಾಗಿಲಿಗೆ ಹೊಂದಲಿಲ್ಲ. ಒಳಗಿನಿಂದ ಬಾಗಿಲು ತೆರೆದವರು ಆ ಮನೆಯ ನಿಜವಾದ ಮಾಲೀಕರು. ಅವತ್ತಿನಿಂದ ಯಾರಾದರೂ ಹೆಚ್ಚು ನಗುನಗುತ್ತ ಮಾತಾಡಿದರೆ ಸ್ವರ್ಣಲತಾ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ. ವಿಮಾನ ನಿಲ್ದಾಣದ ಕೆಲಸ ಆ ಸ್ವಭಾವಕ್ಕೆ ಸಂಬಳ ಕೊಟ್ಟಿತು, ಅಷ್ಟೇ.

ದೂಮಪ್ಪ ಅವಳಿಗೆ ತದ್ವಿರುದ್ಧ. ಮೂವತ್ತು ವರ್ಷ ಪರಮಟ್ಟಾ ಕಡೆಯ ಬಸ್ಸು ಓಡಿಸಿದವನು, ಕಾರ್ಡು ಮರೆತು ಹತ್ತಿದವರಿಗೆಲ್ಲ ಹೋಗಿ ಕೂತುಕೊಳ್ಳಿ ಎಂದವನು. ನಿವೃತ್ತನಾದ ಮೇಲೆ ಅವನಿಗೆ ಕಡಲು ಕಾಣುವ ಕಡೆ ಒಂದು ಮನೆ ಬೇಕೆನಿಸಿತು. ಸಿಡ್ನಿಯ ಗಿರಾವೀನಿನಲ್ಲಿ ತಾವಿದ್ದ ಮನೆಯ ಸಾಲ ತೀರಿದ್ದರಿಂದ, ದಕ್ಷಿಣಕ್ಕೆ ಎರಡೂವರೆ ಗಂಟೆಯ ದಾರಿಯಲ್ಲಿ ಬೆರಿಂಬಾ ಎನ್ನುವ ಸಣ್ಣ ಊರಿನಲ್ಲಿ ಒಂದು ಹಳೆಯ ಮರದ ಮನೆ ಕೊಂಡರು. ತಾವಿಲ್ಲದಾಗ ಅದನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡತೊಡಗಿದರು. ಬೇಸಗೆಯಲ್ಲಿ ಜನ ಬಂದರು, ಚಳಿಗಾಲದಲ್ಲಿ ಮನೆ ಖಾಲಿ ಬಿತ್ತು. ಆಗ ಮಗಳು ವಿಜೇತಾ ಜಾಹೀರಾತಿಗೆ ಒಂದು ಸಾಲು ಸೇರಿಸಿದಳು: ನಾಯಿಗಳಿಗೂ ಸ್ವಾಗತ, ಸುತ್ತಲೂ ಭದ್ರವಾದ ಬೇಲಿಯಿದೆ. ಅಲ್ಲಿಂದ ಮುಂದೆ ಚಳಿಗಾಲದಲ್ಲೂ ಮನೆ ತುಂಬಿತು.

ಸ್ವರ್ಣಲತಾಗೆ ನಾಯಿಗಳ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಅವಳ ಅನುಮಾನವೆಲ್ಲ ನಾಯಿಯ ಒಡೆಯರ ಮೇಲೆ. ಹನ್ನೊಂದು ನಿಯಮ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಾಯಿ ಮಂಚ ಹತ್ತಬಾರದು, ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗಬಾರದು, ಹೀಗೆ. ಮುಂಬಾಗಿಲ ಮೇಲೊಂದು, ಪಕ್ಕದ ಅಂಗಳಕ್ಕೊಂದು ಕ್ಯಾಮೆರಾ ಹಾಕಿಸಿದಳು. ಕ್ಯಾಮೆರಾ ಇರುವುದನ್ನು ಜಾಹೀರಾತಿನಲ್ಲಿ ತಿಳಿಸಿದಳು. ಅದರಲ್ಲಿ ಬಂದದ್ದೆಲ್ಲ ಅವಳ ಫೋನಿನಲ್ಲಿ ಕಾಣುತ್ತಿತ್ತು, ಬಟ್ಟೆ ಒಗೆಯುವ ಕೋಣೆಯ ಬೀರುವಿನೊಳಗಿನ ಒಂದು ರೆಕಾರ್ಡಿಂಗ್ ಪೆಟ್ಟಿಗೆಯಲ್ಲೂ ಸೇರುತ್ತಿತ್ತು. ಆ ಬೀರುವಿನ ಕೀ ಅವಳ ಬಳಿ ಮಾತ್ರ.

ಆ ವರ್ಷದ ಮೇ ತಿಂಗಳಿಡೀ ಸ್ವರ್ಣಲತಾ ಉಡುಪಿಯಲ್ಲಿದ್ದಳು, ತಂಗಿಯ ಮಗಳ ಮದುವೆಗೆ ಹೋಗಿ. ಜುಲೈಯಲ್ಲಿ ಪ್ರಾರ್ಥನಾ ಎನ್ನುವ ಹೆಸರಿನಲ್ಲಿ ಒಂದು ಬುಕಿಂಗ್ ಬಂತು. ಮೆಲ್ಬರ್ನಿನವಳು, ಒಬ್ಬಳೇ, ಹತ್ತು ದಿನ, ಜೊತೆಗೆ ಒಂದು ನಾಯಿ. ಸೋಮವಾರ ಮಧ್ಯಾಹ್ನ ಗಿರಾವೀನಿನ ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದವಳು ಫೋನು ಸದ್ದು ಮಾಡಿದ್ದಕ್ಕೆ ಕೈಯೊರೆಸಿಕೊಂಡು ನೋಡಿದಳು. ಬೆರಿಂಬಾದ ಮನೆಯ ಮುಂದೆ ಧೂಳು ಹಿಡಿದ ಕಾರು ಬಂದು ನಿಂತಿತು. ಮೂವತ್ತು ದಾಟಿದ ಹುಡುಗಿ ಇಳಿದಳು. ಸೂಟ್‌ಕೇಸು ಇಳಿಸಿದಳು, ನಾಯಿಗೆ ಹಾಸುವ ಕಂಬಳಿ ಇಳಿಸಿದಳು, ಸ್ಟೀಲಿನ ಬಟ್ಟಲು ಇಳಿಸಿದಳು. ಕಾರಿನ ಬಾಗಿಲು ಹಾಕಿ ಒಳಗೆ ಹೋದಳು. ನಾಯಿ ಇಳಿಯಲಿಲ್ಲ.

ಸ್ವರ್ಣಲತಾ ಅದನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದಳು. ಒಂದು ನಾಯಿ ಎಂದು ಹೇಳಿ ಮೂರು ತಂದವರನ್ನು ಅವಳು ಕಂಡಿದ್ದಳು. ನಾಯಿಯೇ ಇಲ್ಲ ಎಂದು ಹೇಳಿ ಟವೆಲಿನಲ್ಲಿ ಸುತ್ತಿ ಒಳಗೆ ಸಾಗಿಸಿದವರನ್ನೂ ಕಂಡಿದ್ದಳು. ಇಲ್ಲದ ನಾಯಿಗೆ ದುಡ್ಡು ಕಟ್ಟಿದವರನ್ನು ಮಾತ್ರ ಕಂಡಿರಲಿಲ್ಲ. ಮನುಷ್ಯರು ತಮಗೆ ಲಾಭವಾಗುವ ಸುಳ್ಳು ಹೇಳುತ್ತಾರೆ. ಇದರಲ್ಲಿ ಲಾಭವೇನು ಎಂದು ಅವಳಿಗೆ ತಿಳಿಯಲಿಲ್ಲ. ತಿಳಿಯದ ಕಾರಣಕ್ಕೇ ಅನುಮಾನ ಹೆಚ್ಚಾಯಿತು.

ಮಂಗಳವಾರ ಅದು ಇನ್ನೂ ಬೆಳೆಯಿತು. ಹುಡುಗಿ ಬೆಳಿಗ್ಗೆ ಬಟ್ಟಲಿಗೆ ಏನೋ ಹಾಕಿ ಗೇಟಿನ ಹೊರಗಿಟ್ಟಳು. ಆಮೇಲೆ ಪಕ್ಕದ ಅಂಗಳಕ್ಕೆ ಬಂದು ಬೇಲಿಯ ಹಲಗೆಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಿದಳು. ಬಗ್ಗಿ ಕೆಳಗಿನ ಸಂದಿಗೆ ಅಳತೆಯ ಟೇಪು ಹಿಡಿದಳು, ಫೋಟೋ ತೆಗೆದಳು. ಹಾಗೇ ಮಾಡುತ್ತ ಮಾಡುತ್ತ ಕ್ಯಾಮೆರಾಕ್ಕೆ ಕಾಣದ ಹಿಂಬದಿಗೆ ಹೋದಳು.

ಇದು ಇನ್ಶೂರೆನ್ಸ್ ದುಡ್ಡು ಹೊಡೆಯುವ ಉಪಾಯ ಎಂದು ಸ್ವರ್ಣಲತಾ ಗಂಡನಿಗೆ ಹೇಳಿದಳು. ಅರ್ಧ ಗಂಟೆ ಬಿಟ್ಟು ಅಲ್ಲ, ಇವಳು ತಪಾಸಣೆಗೆ ಬಂದ ಊರ ಕೌನ್ಸಿಲ್‌ನವಳು ಎಂದಳು. ದೂಮಪ್ಪ ಪೇಪರಿನಿಂದ ತಲೆಯೆತ್ತದೆ, ಹುಡುಗಿ ಬೇಲಿ ಹಾರಿ ಬಂದದ್ದಲ್ಲವಲ್ಲ, ಬುಕ್ ಮಾಡಿ ಬಂದದ್ದು, ಹತ್ತು ದಿನ ಇದ್ದು ಹೋಗಲಿ ಬಿಡು ಎಂದ. ಬೇಲಿಯ ಮಾತು ಬಂದಾಗ ಅವನು ಪುಟ ಮಗುಚಿದ್ದು ಸ್ವಲ್ಪ ಬೇಗವಾಯಿತು. ಅವತ್ತು ಸ್ವರ್ಣಲತಾ ಅದನ್ನು ಗಮನಿಸಲಿಲ್ಲ. ಕಣ್ಣೆಲ್ಲ ಫೋನಿನ ಮೇಲಿತ್ತು.

ಬುಧವಾರ ಬಿಸಿನೀರಿನ ಟ್ಯಾಂಕ್ ನೋಡಬೇಕಾಗಿದೆ ಎಂದು ಹುಡುಗಿಗೆ ಮೆಸೇಜು ಕಳಿಸಿ ಇಬ್ಬರೂ ಹೊರಟರು. ಹನ್ನೊಂದು ಗಂಟೆಗೆ ಬೆರಿಂಬಾ ತಲುಪಿದಾಗ ಕಡಲ ಗಾಳಿ ಕೊರೆಯುತ್ತಿತ್ತು. ದೂಮಪ್ಪ ಟ್ಯಾಂಕಿನ ಕಡೆ ಹೋದ. ಸ್ವರ್ಣಲತಾ ಬಾಗಿಲು ತಟ್ಟಿದಳು. ಒಳಗೆ ಹುಡುಗಿ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. "ಇಲ್ಲಮ್ಮ, ಊಟ ಮಾಡ್ತಾ ಇದೀನಿ. ಹ್ಞೂಂ, ಸರಿ, ಆಮೇಲೆ ಮಾಡ್ತೀನಿ." ಮೈಸೂರಿನ ಕಡೆಯ ಕನ್ನಡ.

ಸ್ವರ್ಣಲತಾ ಒಳಗೆ ಹೋಗಿ ತಾನೂ ಕನ್ನಡದವಳೇ ಎಂದಳು. ಊರ ಮಾತು ಕೇಳಿದರೆ ಜನರ ಮುಖ ಅರಳುತ್ತದೆ, ಬಾಯಿ ಸಡಿಲವಾಗುತ್ತದೆ, ಇದು ಅವಳ ಅನುಭವ. ಈ ಹುಡುಗಿಯ ಮುಖ ಅರಳಲಿಲ್ಲ, ಇನ್ನಷ್ಟು ಬಿಗಿಯಾಯಿತು. ನಾಯಿ ಎಲ್ಲಿ ಎಂದು ಕೇಳಿದ್ದಕ್ಕೆ ಆಮೇಲೆ ಬರುತ್ತದೆ ಎಂದಳು. ಯಾರು ಕರೆದುಕೊಂಡು ಬರುತ್ತಾರೆ ಎಂದದ್ದಕ್ಕೆ ಮೇಜಿನ ಅಂಚು ಹಿಡಿದು ತಾನೇ ಒಂದು ಪ್ರಶ್ನೆ ಕೇಳಿದಳು.

"ಆಂಟಿ, ಮೇ ತಿಂಗಳಲ್ಲಿ ಈ ಬೇಲಿ ಎಲ್ಲಾದ್ರೂ ಮುರಿದಿತ್ತಾ? ಒಂದು ನಾಯಿ ಆಚೆ ಹೋಗೋಷ್ಟು ಗ್ಯಾಪ್ ಏನಾದ್ರೂ ಇತ್ತಾ?"

ಇನ್ಶೂರೆನ್ಸೇ ಎಂದು ಸ್ವರ್ಣಲತಾಗೆ ಖಾತ್ರಿಯಾಯಿತು.

"ಇಲ್ಲ. ನಮ್ಮ ಬೇಲಿ ಯಾವತ್ತೂ ಮುರಿದಿಲ್ಲ. ಬಂದಾಗಲೆಲ್ಲ ನಾನೇ ಸುತ್ತ ಹೋಗಿ ನೋಡುವುದು."

ಮೋಸ ಮಾಡಲು ಬಂದವಳಾಗಿದ್ದರೆ ಇಲ್ಲಿ ವಾದಕ್ಕೆ ನಿಲ್ಲಬೇಕಿತ್ತು, ಫೋಟೋ ತೆಗೆದು ತೋರಿಸಬೇಕಿತ್ತು. ಹುಡುಗಿ ವಾದಿಸಲಿಲ್ಲ. "ಥ್ಯಾಂಕ್ಸ್ ಆಂಟಿ, ಅಷ್ಟು ಗೊತ್ತಾಗಬೇಕಿತ್ತು" ಎಂದು ಮೆಲ್ಲನೆ ಹೇಳಿ ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು. ತೊಳೆಯುವುದಕ್ಕೆ ಅಲ್ಲಿ ಒಂದು ಲೋಟವೂ ಇರಲಿಲ್ಲ. ನೀರು ಸುಮ್ಮನೆ ಹರಿಯುತ್ತಿತ್ತು.

ವಾಪಸು ಹೊರಟ ಮೇಲೆ ಕಾರಿನಲ್ಲಿ ಸ್ವರ್ಣಲತಾ ನಡೆದದ್ದೆಲ್ಲ ಹೇಳಿದಳು. ಮೂವತ್ತು ವರ್ಷ ಬಸ್ಸು ಓಡಿಸಿದ ದೂಮಪ್ಪ ಹೆದ್ದಾರಿಗೆ ಹೋಗುವ ತಿರುವನ್ನೇ ತಪ್ಪಿಸಿದ. ಆಮೇಲೆ ಒಂದು ಪೆಟ್ರೋಲ್ ಬಂಕಿನ ಬದಿಯಲ್ಲಿ ಗಾಡಿ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಹೇಳಿದ. ಮನೆಯಲ್ಲಿ ಅವರು ಆಡುವುದು ತುಳು. ಅವನು ಹೇಳಿದ್ದು ಇಷ್ಟು. ಮೇ ತಿಂಗಳ ಕೊನೆಗೆ ಹುಲ್ಲು ಕತ್ತರಿಸಲು ಬಂದಾಗ, ಹಿಂದಿನ ಮೂಲೆಯಲ್ಲಿ ನೀರಿನ ತೊಟ್ಟಿಯ ಮರೆಗೆ ಎರಡು ಹಲಗೆಗಳು ಬುಡದಲ್ಲಿ ಕೊಳೆತು ಕಳಚಿಕೊಂಡಿದ್ದವು. ಹೊಸ ಹಲಗೆ ತಂದು ಹೊಡೆದ. ಹಳೆಯ ಮೊಳೆಯೊಂದಕ್ಕೆ ಕೆಂಚು ಕೂದಲು ಸಿಕ್ಕಿಕೊಂಡಿತ್ತು. ಪಕ್ಕದ ಮನೆಯ ನಾಯಿಯದ್ದಿರಬೇಕು ಎಂದುಕೊಂಡ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಊರಿನಿಂದಲೇ ಫೋನು ಮಾಡಿ ಇಡೀ ಬೇಲಿ ಕೀಳಿಸುತ್ತಿದ್ದಿ, ಮಾರಾಯ್ತಿ."

ಅದು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಈಗ ಹೋಗಿ ಹೌದು, ಮುರಿದಿತ್ತು ಎಂದರೆ ಹುಡುಗಿ ದೂರು ಬರೆಯಬಹುದು, ಕೋರ್ಟಿಗೂ ಹೋಗಬಹುದು. ಭದ್ರವಾದ ಬೇಲಿ ಎಂದು ಜಾಹೀರಾತಿನಲ್ಲಿ ಹಾಕಿದ್ದಾರೆ. ಸುಮ್ಮನೆ ಮನೆಗೆ ಹೋದರೆ ಯಾರಿಗೂ ತಿಳಿಯುವುದಿಲ್ಲ. ದೂಮಪ್ಪನೂ ಅದನ್ನೇ ಹೇಳಿದ. ಆದರೆ ಇಲ್ಲ ಎಂದು ತಾನು ಹೇಳಿದ್ದೇ ತಡ ಆ ಹುಡುಗಿಯ ಮುಖ ಇಳಿದುಹೋದದ್ದು ಯಾಕೆ ಎಂಬುದು ಸ್ವರ್ಣಲತಾಗೆ ಬಿಡಿಸಲಾಗಲಿಲ್ಲ. ಗಾಡಿ ತಿರುಗಿಸಿ ಎಂದಳು.

ಪ್ರಾರ್ಥನಾ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಸ್ವರ್ಣಲತಾ ಅವಳನ್ನು ನೀರಿನ ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಬಣ್ಣ ಮಾಸದ ಎರಡು ಹಲಗೆಗಳನ್ನು ತೋರಿಸಿದಳು. ಇಲ್ಲಿ ಮುರಿದಿತ್ತು, ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ನಿನಗೆ ಸುಳ್ಳು ಹೇಳಿದೆ ಎಂದಳು. ಹುಡುಗಿ ಆ ಹಲಗೆಗಳನ್ನು ಮುಟ್ಟಿ ನೋಡಿ, ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತಳು. ಆಮೇಲೆ ಹೇಳಿದಳು.

ನಾಯಿಯ ಹೆಸರು ಬೆಲ್ಲ. ಬಣ್ಣವೂ ಅದೇ. ಮದುವೆಗೆ ಮೊದಲಿನಿಂದ ಅವಳ ಜೊತೆಗಿತ್ತು. ಮೇ ತಿಂಗಳಲ್ಲಿ ಅಮ್ಮನ ಆಪರೇಷನ್ನಿಗೆಂದು ಅವಳು ಮೈಸೂರಿಗೆ ಹೋಗಿದ್ದಳು. ಗಂಡ ಮನೀಷ್‌ಗೆ ಅದೇ ಸಮಯಕ್ಕೆ ಸಿಡ್ನಿಯಲ್ಲಿ ಮೂರು ತಿಂಗಳ ಪ್ರಾಜೆಕ್ಟ್ ಬಂತು. ನಾಯಿಯನ್ನೂ ಕಾರಿನಲ್ಲಿ ಹಾಕಿಕೊಂಡು ಮೆಲ್ಬರ್ನ್ ಬಿಟ್ಟವನು ದಾರಿಯಲ್ಲಿ ಈ ಮನೆಯಲ್ಲಿ ಮೂರು ದಿನ ಉಳಿದಿದ್ದ. ಎರಡನೇ ದಿನ ಫೋನು ಮಾಡಿ, ಬೇಲಿ ಮುರಿದಿತ್ತು, ಬೆಲ್ಲ ಹೋಯಿತು ಎಂದ. ಆ ಮನೆಯ ಮಾಲೀಕರಿಗೆ ಹೇಳಿದೆಯಾ ಎಂದರೆ ಹೇಳಿದೆ ಎಂದ.

ನಮಗೆ ಯಾರೂ ಹೇಳಲಿಲ್ಲ ಎಂದಳು ಸ್ವರ್ಣಲತಾ.

ಅದು ಪ್ರಾರ್ಥನಾಗೂ ಅನ್ನಿಸಿತ್ತು. ಊರಿನಿಂದ ಬಂದ ಮೇಲೆ ಜಾಹೀರಾತು ಹುಡುಕಿ ನೋಡಿದರೆ ಅಲ್ಲಿ ಮನೀಷನ ಐದು ನಕ್ಷತ್ರದ ಮೆಚ್ಚುಗೆ ಇತ್ತು. ಎಲ್ಲ ಚೆನ್ನಾಗಿದೆ, ಮತ್ತೆ ಬರುತ್ತೇವೆ ಎಂದು ಬರೆದಿದ್ದ. ಮುರಿದ ಬೇಲಿಯಿಂದ ನಾಯಿಯನ್ನು ಕಳೆದುಕೊಂಡವನು ಹಾಗೆ ಬರೆಯುತ್ತಾನೆಯೇ? ಮಗು ಆಗುವುದಕ್ಕೆ ಮೊದಲು ಈ ನಾಯಿಯನ್ನು ಯಾರಿಗಾದರೂ ಕೊಡೋಣ ಎಂದು ಅವನು ಎರಡು ಸಲ ಹೇಳಿದ್ದು ಅವಳಿಗೆ ನೆನಪಿತ್ತು. ಅವನೇ ಎಲ್ಲೋ ಬಿಟ್ಟು ಬಂದಿದ್ದಾನೆ ಎಂದುಕೊಂಡಳು. ಮನೆ ಬಿಟ್ಟು ಗೆಳತಿಯ ಮನೆ ಸೇರಿದಳು. ಬೇಲಿಯನ್ನು ಕಣ್ಣಾರೆ ನೋಡಿ ತೀರ್ಮಾನ ಮಾಡೋಣವೆಂದು ಯಾರಿಗೂ ಹೇಳದೆ ಇಲ್ಲಿಗೆ ಬಂದಳು. ನಾಯಿ ಸಿಕ್ಕರೂ ಸಿಗಬಹುದು ಎಂದು ನಾಯಿಯ ಹೆಸರಿನಲ್ಲೂ ಬುಕ್ ಮಾಡಿದಳು.

ಸ್ವರ್ಣಲತಾಳ ಅನುಮಾನ ಈಗ ಹುಡುಗಿಯನ್ನು ಬಿಟ್ಟು ಮನೀಷನ ಮೇಲೆ ಹೋಗಿ ಕೂತಿತು. ಬೇಲಿ ಮುರಿದಿದ್ದು ನಿಜವಿರಬಹುದು. ಅಷ್ಟರಿಂದ ಆ ಮನುಷ್ಯ ನಾಯಿಯನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ ಎಲ್ಲೂ ಬಿಡಲಿಲ್ಲ ಎಂದಾಗುವುದಿಲ್ಲ. ಅವಳು ಬೀರು ತೆರೆದು ಪೆಟ್ಟಿಗೆಯನ್ನು ಹೊರತೆಗೆದಳು. ಮೇ ತಿಂಗಳದ್ದು ಹಾಗೇ ಇತ್ತು. ಉಡುಪಿಯಲ್ಲಿ ಮದುವೆಯ ಓಡಾಟದಲ್ಲಿ ಅದನ್ನು ನೋಡಿರಲಿಲ್ಲ. ಅಳಿಸುವ ಅಭ್ಯಾಸವಂತೂ ಅವಳಿಗಿಲ್ಲ.

ಮೂವರೂ ಅಡುಗೆಮನೆಯ ಮೇಜಿನ ಮುಂದೆ ಕೂತು ನೋಡಿದರು. ಮೊದಲ ದಿನ ಒಬ್ಬ ತೆಳ್ಳಗಿನ ಹುಡುಗ, ಅವನನ್ನು ಎಳೆದುಕೊಂಡು ಒಳಗೆ ಹೋಗುವ ಕೆಂಚು ನಾಯಿ. ಎರಡನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವನು ಲ್ಯಾಪ್‌ಟಾಪಿನ ಚೀಲ ಹಿಡಿದು ಒಬ್ಬನೇ ಕಾರು ಹತ್ತಿದ. ಮನೆಯ ಹಿಂದಿನಿಂದ ಬೊಗಳುವುದು ಕೇಳುತ್ತಿತ್ತು. ಕಾರಿನಲ್ಲಿ ನಾಯಿ ಇರಲಿಲ್ಲ; ಸ್ವರ್ಣಲತಾ ಚಿತ್ರ ನಿಲ್ಲಿಸಿ, ಹಿಂದಿನ ಸೀಟನ್ನು ದೊಡ್ಡದು ಮಾಡಿ ನೋಡಿ ಖಾತ್ರಿ ಮಾಡಿಕೊಂಡಳು. ನಾಲ್ಕೂವರೆಗೆ ಅವನು ವಾಪಸು ಬಂದ. ಐದು ನಿಮಿಷದೊಳಗೆ ನಾಯಿಯ ಹಗ್ಗ ಹಿಡಿದು ಹೊರಗೆ ಓಡಿದ. ಬಲಕ್ಕೆ ಹೋದ, ಬಂದ, ಎಡಕ್ಕೆ ಹೋದ. ದಾರಿಯಲ್ಲಿ ಹೋಗುವವರಿಗೆ ಫೋನು ತೋರಿಸಿದ. ಮರುದಿನ ಮಳೆ. ನಿನ್ನೆಯ ಅದೇ ಅಂಗಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಏಳು ಸಲ ಗೇಟು ದಾಟಿದ. ಕೊನೆಗೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ತಲೆ ಬಗ್ಗಿಸಿ ಬಹಳ ಹೊತ್ತು ಹಾಗೇ ಇದ್ದ.

ಪ್ರಾರ್ಥನಾ ಅದನ್ನು ಎರಡು ಸಲ ನೋಡಿದಳು.

"ಇದನ್ನ ನಂಗ್ಯಾಕೆ ಹೇಳ್ಲಿಲ್ಲ ಅವ್ನು?"

"ನಾಯಿಯನ್ನು ಇಡೀ ದಿನ ಒಂಟಿಯಾಗಿ ಬಿಟ್ಟು ಹೋಗಿದ್ದಾನಲ್ಲ," ಎಂದಳು ಸ್ವರ್ಣಲತಾ. "ನಮಗೆ ದೂರು ಕೊಟ್ಟರೆ ಅದು ಹೊರಗೆ ಬರುತ್ತಿತ್ತು. ನಿನಗೂ ಗೊತ್ತಾಗುತ್ತಿತ್ತು."

ಹುಡುಗಿ ಹಿತ್ತಲಿಗೆ ಹೋಗಿ, ಸ್ಪೀಕರ್ ಹಾಕಿಕೊಂಡು ಗಂಡನಿಗೆ ಫೋನು ಮಾಡಿದಳು. ಸ್ವರ್ಣಲತಾ ಯಾವ ಸಂಕೋಚವೂ ಇಲ್ಲದೆ ಕಿಟಕಿಯ ಬಳಿ ನಿಂತು ಕೇಳಿಸಿಕೊಂಡಳು. ಅವನು ಒಪ್ಪಿಕೊಂಡ. ವಲಂಗಾಂಗ್ ಪಟ್ಟಣದಲ್ಲಿ ಮೀಟಿಂಗ್ ಇತ್ತು, ನಾಯಿಯನ್ನು ಬಿಟ್ಟು ಹೋದದ್ದನ್ನು ಹೇಳಲು ಧೈರ್ಯ ಬರಲಿಲ್ಲ, ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು ಎಂದ. ಮರುದಿನ ಬೆಳಗಿನ ರೈಲಿಗೆ ಸಿಡ್ನಿಯಿಂದ ಬಂದಿಳಿದ. ರಾತ್ರಿ ಅಲ್ಲೇ ಉಳಿದಿದ್ದ ಸ್ವರ್ಣಲತಾ ಅವನಿಗೆ ಟೀ ಕೊಟ್ಟು, ಅದೇ ಐದಾರು ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಮೂರು ಸಲ ಕೇಳಿದಳು. ಮೂರು ಸಲವೂ ಉತ್ತರ ಒಂದೇ ಬಂತು. ಆದರೂ ಪೂರ್ತಿ ನಂಬಲಿಲ್ಲ.

ಅವನು ಮೇ ತಿಂಗಳಲ್ಲಿ ಹುಡುಕಿದ್ದು ಊರಿನ ಬೀದಿಗಳಲ್ಲಿ ಮತ್ತು ಫೋನಿನೊಳಗೆ. ಕೌನ್ಸಿಲ್‌ಗೂ ಹೇಳಿದ್ದ. ನಾಯಿಯ ಕುತ್ತಿಗೆಯ ಚರ್ಮದೊಳಗೆ ಗುರುತಿನ ಚಿಪ್ ಇತ್ತು. ಆದರೆ ಯಾರಾದರೂ ಡಾಕ್ಟರ ಬಳಿ ಒಯ್ದರಲ್ಲವೇ ಅದನ್ನು ಓದುವುದು. ಸ್ವರ್ಣಲತಾ ಕಾಗದದ ಪೋಸ್ಟರು ಮಾಡಿಸಿ, ಫೋನು ನೋಡದ ಜನ ಹೋಗುವ ಕಡೆಗಳಲ್ಲಿ ಅಂಟಿಸಲು ದೂಮಪ್ಪನನ್ನೂ ಮನೀಷನನ್ನೂ ಕಳಿಸಿದಳು. ಚರ್ಚಿನ ಹಾಲ್, ದನದ ಮೇವಿನ ಅಂಗಡಿ, ಮುದುಕರ ಕ್ಲಬ್ಬು. ಪೋಸ್ಟರಿನಲ್ಲಿ ನಾಯಿಯ ಫೋಟೋ ಇತ್ತು, ಹೆಸರು ಇರಲಿಲ್ಲ. ಬೆಲ್ಲನಿಗೆ ಇಂಗ್ಲಿಷ್ ಬಾರದು, ಪ್ರಾರ್ಥನಾ ಮರಿಯಿಂದ ಅದರ ಜೊತೆ ಆಡಿದ್ದೆಲ್ಲ ಕನ್ನಡ. ಅದನ್ನೂ ಬರೆಯಬಾರದು ಎಂದು ಸ್ವರ್ಣಲತಾ ಕಟ್ಟುನಿಟ್ಟು ಮಾಡಿದ್ದಳು. ಬಹುಮಾನವಿದೆ ಎಂದ ಮೇಲೆ ಎಂಥೆಂಥವರೋ ಫೋನು ಮಾಡುತ್ತಾರೆ.

ಮಾಡಿದರು. ಒಬ್ಬ ನಾಯಿ ನನ್ನ ಬಳಿ ಇದೆ, ಮೊದಲು ದುಡ್ಡು ಕಳಿಸಿ ಎಂದ. ಕೂರು ಅಂದರೆ ಕೂರುತ್ತದೆಯೇ ಎಂದು ಇವಳು ಇಂಗ್ಲಿಷಿನಲ್ಲಿ ವಿಚಾರಿಸಿದರೆ, ಬಹಳ ಜಾಣ, ಹೇಳಿದ ತಕ್ಷಣ ಕೂರುತ್ತದೆ ಎಂದ. ಇವಳು ಫೋನಿಟ್ಟಳು. ಇನ್ನೊಬ್ಬಳದೂ ಅದೇ ಕಥೆ. ಸೋಮವಾರ ಬೆಳಿಗ್ಗೆ ಒಬ್ಬ ಮುದುಕಿಯ ಫೋನು ಬಂತು. ಹೆಸರು ಜೋನ್, ಒಳನಾಡಿನ ಗುಡ್ಡದ ಬುಡದಲ್ಲಿ ಹೈನಿನ ಫಾರ್ಮು, ಗಂಡ ತೀರಿಹೋಗಿದ್ದಾನೆ. ಎರಡು ತಿಂಗಳ ಹಿಂದೆ ಅಂಗಾಲು ಒಡೆದ ಒಂದು ಕೆಂಚು ನಾಯಿ ಕೊಟ್ಟಿಗೆಗೆ ಬಂದು ಮಲಗಿತ್ತು. ಪೇಟೆಯವರು ಬೇಡವಾದ ನಾಯಿಗಳನ್ನು ಆ ರಸ್ತೆಯಲ್ಲಿ ಬಿಟ್ಟು ಹೋಗುವುದುಂಟು, ಇದೂ ಹಾಗೇ ಎಂದುಕೊಂಡು ಸಾಕಿದ್ದಳು. ಒಳ್ಳೆಯ ನಾಯಿ, ಆದರೆ ನನ್ನ ಒಂದು ಮಾತೂ ಕೇಳುವುದಿಲ್ಲ, ಕಿವುಡು ಇರಬೇಕು ಎಂದಳು.

ಫೋನನ್ನು ನಾಯಿಯ ಹತ್ತಿರ ಹಿಡಿಯಿರಿ ಎಂದು ಸ್ವರ್ಣಲತಾ ಕೇಳಿಕೊಂಡಳು. ಪ್ರಾರ್ಥನಾ ಆಗಲೇ ಅಳತೊಡಗಿದ್ದಳು. ಸ್ವರ್ಣಲತಾಳೇ ಹೇಳಿದಳು.

"ಬೆಲ್ಲ, ಕೂತ್ಕೋ."

ಆ ಕಡೆಯಿಂದ ಮುದುಕಿ, ಕೂತುಕೊಂಡಿತು, ಫೋನನ್ನೇ ನೋಡುತ್ತಿದೆ ಎಂದಳು.

ನಾಲ್ವರೂ ಒಂದೇ ಕಾರಿನಲ್ಲಿ ಹೋದರು. ಜೋನ್ ಗೇಟು ತೆರೆಯಲಿಲ್ಲ. ನಾಯಿ ನಿಮ್ಮದೇ ಎನ್ನುವುದಕ್ಕೆ ಕಾಗದ ತೋರಿಸಿ ಎಂದಳು. ಲಸಿಕೆಯ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದಳು, ಫೋಟೋಗಳಲ್ಲಿನ ಕಿವಿಯನ್ನೂ ಬಾಲವನ್ನೂ ಹೋಲಿಸಿ ನೋಡಿದಳು, ಆಮೇಲೆಯೇ ಚಿಲಕಕ್ಕೆ ಕೈಯಿಟ್ಟಳು. ಸ್ವರ್ಣಲತಾಗೆ ಆ ಹೆಂಗಸಿನ ಮೇಲೆ ನಿಂತಲ್ಲೇ ಗೌರವ ಬಂತು. ಬೆಲ್ಲ ಓಡಿಬಂದು ಪ್ರಾರ್ಥನಾಳನ್ನು ಹುಲ್ಲಿನ ಮೇಲೆ ಕೆಡವಿತು. ಮನೀಷ್ ಗೇಟಿನ ಹೊರಗೇ ನಿಂತಿದ್ದ, ಒಳಗೆ ಬರಲೋ ಬೇಡವೋ ಎಂಬಂತೆ. ನಾಯಿ ತಾನಾಗಿಯೇ ಅವನ ಬಳಿ ಹೋಗಿ ಮೊಣಕಾಲು ಮೂಸಿತು. ಅವನು ಕೈ ಚಾಚಲಿಲ್ಲ, ಅಳುತ್ತಿದ್ದ. ಜೋನ್ ಬಹುಮಾನ ಬೇಡವೆಂದಳು. ಆದರೆ ಕಾರು ಹೊರಟಾಗ ತಿರುಗಿ ನೋಡದೆ ಕೊಟ್ಟಿಗೆಯೊಳಗೆ ಹೋಗಿಬಿಟ್ಟಳು. ಅದಾದ ಮೇಲೆ ದೂಮಪ್ಪ ಬೆರಿಂಬಾಕ್ಕೆ ಹೋದಾಗಲೆಲ್ಲ ಆಕೆಯ ಮನೆಗೂ ಹೋಗಿ ಒಂದು ಟೀ ಕುಡಿದು ಬರುತ್ತಾನೆ.

ಬೇಲಿ ಪೂರ್ತಿ ಹೊಸದಾಯಿತು. ಅದು ಮುಗಿಯುವವರೆಗೆ ಜಾಹೀರಾತಿನಿಂದ ಭದ್ರವಾದ ಬೇಲಿ ಎನ್ನುವ ಮಾತನ್ನು ತೆಗೆಯಲು ಸ್ವರ್ಣಲತಾ ವಿಜೇತಾಗೆ ಹೇಳಿದಳು. ಪ್ರಾರ್ಥನಾ ದೂರು ಬರೆಯಲಿಲ್ಲ. ಬೆಲ್ಲನನ್ನು ಕರೆದುಕೊಂಡು ಮೆಲ್ಬರ್ನಿಗೆ ಹೋದಳು. ಆಗಸ್ಟಿನಲ್ಲಿ ಮನೀಷನ ಪ್ರಾಜೆಕ್ಟೂ ಮುಗಿಯಿತು. ಅವನು ಅವಳಿದ್ದಲ್ಲಿಗೆ ಹೋದನೋ ಇಲ್ಲವೋ ಎಂದು ಕೇಳುವ ಸಲಿಗೆ ಸ್ವರ್ಣಲತಾಗಿಲ್ಲ, ಹುಡುಗಿಯೂ ಹೇಳುವುದಿಲ್ಲ. ವಾರಕ್ಕೊಂದು ನಾಯಿಯ ಫೋಟೋ ಮಾತ್ರ ಕಳಿಸುತ್ತಾಳೆ. ನಾಯಿ ಸೋಫಾದ ಮೇಲೆ, ನಾಯಿ ಬಿಸಿಲಿನಲ್ಲಿ, ನಾಯಿ ಬಟ್ಟಲಿನ ಮುಂದೆ. ಅವುಗಳಲ್ಲಿ ಮನುಷ್ಯರಿರುವುದಿಲ್ಲ.

ಸ್ವರ್ಣಲತಾ ಪ್ರತಿಯೊಂದನ್ನೂ ದೊಡ್ಡದು ಮಾಡಿ ಮೂಲೆಮೂಲೆ ನೋಡುತ್ತಾಳೆ. ಅಕ್ಟೋಬರಿನಲ್ಲಿ ಬಂದ ಒಂದರಲ್ಲಿ ಬಾಗಿಲ ಪಕ್ಕ ಒಂದು ಜೊತೆ ಗಂಡಸರ ಚಪ್ಪಲಿ ಕಂಡಿತು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ, ಫೋನನ್ನು ದೂಮಪ್ಪನಿಗೆ ಕೊಟ್ಟಳು. ಅವನೇ ಬಂದಿದ್ದಾನೆ, ಇನ್ಯಾರ ಚಪ್ಪಲಿ ಎಂದು ಅವನು ನಕ್ಕ. ಅವಳು ಫೋನು ವಾಪಸು ಇಸಿದುಕೊಂಡು, ಆ ಹುಡುಗನ ಪಾದ ಎಷ್ಟು ದೊಡ್ಡದಿತ್ತು ಎಂದು ನೆನಪು ಮಾಡಿಕೊಳ್ಳತೊಡಗಿದಳು.